ಜೀವಕೋಶದ ತೂಬು ಮತ್ತು ಬಾಯಿಯ ಆರೋಗ್ಯ

(ಶಿವಮೊಗ್ಗ ನಗರದಲ್ಲಿ ಆರೋಗ್ಯ ಕಾರ್ಯಕರ್ತೆಯರು ಹಾಗೂ ಮಹಿಳಾ ಸಂಘಗಳ ಸದಸ್ಯೆಯರ ಸಭೆಯಲ್ಲಿಯೂ, ಆನಂತರ ಭದ್ರಾವತಿಯಲ್ಲಿಯೂ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಪಾಠ)



ಜೀವಕೋಶಗಳ ಬೆಳವಣಿಗೆಯನ್ನು ಶರೀರವು ಹೇಗೆ ಹತೋಟಿಯಲ್ಲಿಡುತ್ತದೆ, ಅದರಲ್ಲಿ ಕೊಬ್ಬಿನ ಪಾತ್ರವೇನು, ಪ್ರೋಟೀನುಗಳ ಪಾತ್ರವೇನು ಎಂಬುದನ್ನು ಕುರಿತು ನಾನಿಂದು ಮಾತನಾಡಬೇಕೆಂದಿದ್ದೇನೆ. ಇದು ವೈದ್ಯಕೀಯ ಕಾಲೇಜಿನ ತರಗತಿಗೆ ಸಲ್ಲುವ ವಿಷಯ, ಕುಟುಂಬ ಕಲ್ಯಾಣದ ಸಭೆಗೆ ಇದೇಕೆ ಎಂದು ತಾವು ಕೇಳಬಹುದು. ಈ ವಿಷಯವನ್ನು ಆರಿಸಿಕೊಳ್ಳಲು ನನಗೆ ಪ್ರೇರಣೆಯಾದ ಪ್ರಸಂಗವನ್ನೇ ಮೊದಲು ನಿವೇದಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಭದ್ರಾವತಿಯ ಕಡೆಯ ವೃದ್ಧೆಯೊಬ್ಬರನ್ನು ಅವರ ಸೊಸೆ ನನ್ನಲ್ಲಿಗೆ ಕರೆತಂದರು. ವೃದ್ಧೆಯ ಬಾಯಿಯೊಳಕ್ಕೆ ಒಂದು ಬೆರಳು ಮಾತ್ರ ಹೋಗುತ್ತಿತ್ತು. ಎಡಗೆನ್ನೆಯ ಒಳಭಾಗದಲ್ಲಿ ಗಟ್ಟಿಯಾದ ಅಂಚುಳ್ಳ ಹುಣ್ಣು ಕಾಣುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಆಕೆ, "ಡಾಕ್ಟ್ರೇ, ತುಪ್ಪ ಬಿಟ್ಟು ಎರಡು ವರ್ಷ ಆತು. ಕೊಬ್ಬಿರೋದು ಏನನ್ನೂ ಮುಟ್ಟಲ್ಲ. ಆದ್ರೂ ಇದು ಯಾಕೆ ಬಂತು?" ಎಂದು ಕೇಳಿದರು. ಕೊಬ್ಬು ತಿಂದರೆ ಶರೀರದಲ್ಲಿ ಗಂಟು ಬೆಳೆಯುತ್ತದೆಂದು ಯಾರೋ ಆಕೆಗೆ ಹೇಳಿದ್ದರು. ತುಪ್ಪವನ್ನು ಬಿಟ್ಟ ಆ ತಾಯಿ, ನಲವತ್ತು ವರ್ಷಗಳಿಂದ ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪುಗಳನ್ನು ಬಿಟ್ಟಿರಲಿಲ್ಲ. ಅವುಗಳನ್ನು ಬಿಡಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಆಕೆಯ ಪ್ರಶ್ನೆಗೆ ಅಂದು ನಾನು ಸರಿಯಾದ ಉತ್ತರವನ್ನು ಕೊಡಲಿಲ್ಲ. "ತುಪ್ಪಕ್ಕೂ ಇದಕ್ಕೂ ಸಂಬಂಧವಿಲ್ಲ" ಎಂದು ಹೇಳಿ ಮುಗಿಸಿದೆ. ಕೋಶಗಳ ಬೆಳವಣಿಗೆಗೂ ಕೊಬ್ಬಿಗೂ ನಿಕಟವಾದ ಸಂಬಂಧವುಂಟು. ಆದರೆ ಅದು ತಟ್ಟೆಯಲ್ಲಿರುವ ಕೊಬ್ಬಲ್ಲ. ಅಂದು ಹೇಳದೆ ಉಳಿದ ಉತ್ತರವನ್ನು ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಶರೀರವು ಲಕ್ಷಾಂತರ ಕೋಟಿ ಜೀವಕೋಶಗಳಿಂದ ಕೂಡಿದುದಾಗಿದೆ. ಇವು ತಮಗೆ ತೋಚಿದಂತೆ ಬೆಳೆಯುವುದಿಲ್ಲ. ಬೆಳೆಯೆಂಬ ಅಪ್ಪಣೆ ಬಂದಾಗ ಮಾತ್ರ ಕೋಶವು ಒಂದು ಎರಡಾಗುತ್ತದೆ, ಅಪ್ಪಣೆ ನಿಂತಾಗ ಸುಮ್ಮನಾಗುತ್ತದೆ. ಬಾಯಿಯ ಒಳಪದರದಲ್ಲಿ ಈ ಕಾರ್ಯವು ಬಹು ಚುರುಕಾಗಿ ನಡೆಯುತ್ತದೆ. ಬಿಸಿ ಕಾಫಿಯಿಂದ ಸುಟ್ಟ ನಾಲಗೆ, ಹಲ್ಲಿಗೆ ಸಿಕ್ಕಿ ಗಾಯಗೊಂಡ ಕೆನ್ನೆ, ಇವು ಕೆಲವೇ ದಿನಗಳಲ್ಲಿ ವಾಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಒಳಪದರದ ಹಳೆಯ ಕೋಶಗಳು ಉದುರಿ ಎರಡು ಮೂರು ವಾರಗಳೊಳಗೆ ಹೊಸ ಕೋಶಗಳು ಅವುಗಳ ಸ್ಥಾನವನ್ನು ತುಂಬುತ್ತವೆ. ಬಾಯಿಯ ಹುಣ್ಣು ಎರಡು ವಾರಗಳಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಬೇಕೆಂದು ನಾವು ಹೇಳುವುದು ಈ ಲೆಕ್ಕದ ಮೇಲೆಯೇ.

ಬೆಳೆಯೆಂಬ ಅಪ್ಪಣೆಯನ್ನು ಹೊತ್ತು ತರುವ ವಸ್ತುಗಳಲ್ಲಿ ಒಂದನ್ನು ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಅವರು ಇಲಿಯ ಜೊಲ್ಲಿನ ಗ್ರಂಥಿಗಳಿಂದ ಬೇರ್ಪಡಿಸಿದರು. ಚರ್ಮದ ಹಾಗೂ ಬಾಯಿಯ ಪದರದ ಕೋಶಗಳನ್ನು ಬೆಳೆಯಿಸುವ ಈ ಪ್ರೋಟೀನು ಮನುಷ್ಯರ ಜೊಲ್ಲಿನಲ್ಲಿಯೂ ಇರುತ್ತದೆ. ಈ ಬಗೆಯ ಬೆಳವಣಿಗೆಯ ಪ್ರೋಟೀನುಗಳ ಸಂಶೋಧನೆಗಾಗಿ ಕೋಹೆನ್ ಅವರಿಗೂ ರೀಟಾ ಲೆವಿ-ಮಾಂಟಲ್ಚೀನಿ ಎಂಬ ಮಹಿಳೆಗೂ 1986ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ನಾಯಿ, ಹಸುಗಳು ತಮ್ಮ ಗಾಯವನ್ನು ನೆಕ್ಕಿಕೊಳ್ಳುವುದು ಬರಿಯ ಅಭ್ಯಾಸವಲ್ಲವೆಂದು ಇದರಿಂದ ತಿಳಿಯುತ್ತದೆ. ಹಾಗೆಂದು ಮಗುವಿನ ಗಾಯಕ್ಕೆ ಎಂಜಲು ಹಚ್ಚತಕ್ಕದ್ದಲ್ಲ. ಎಂಜಲಿನಲ್ಲಿ ರೋಗಾಣುಗಳೂ ಇರುತ್ತವೆ.

ಈ ಅಪ್ಪಣೆಯು ಕೋಶದ ಹೊರಗೆ ಬಂದು ನಿಲ್ಲುತ್ತದೆ. ಅದನ್ನು ಒಳಕ್ಕೆ ಮುಟ್ಟಿಸುವುದು ಹೇಗೆ? ಕೊಬ್ಬಿನ ಪ್ರವೇಶವಾಗುವುದು ಇಲ್ಲಿಯೇ. ಪ್ರತಿಯೊಂದು ಕೋಶವನ್ನೂ ಒಂದು ತೆಳುವಾದ ಪೊರೆಯು ಆವರಿಸಿರುತ್ತದೆ. ಆ ಪೊರೆಯು ಎರಡು ಸಾಲುಗಳಾಗಿ ನಿಂತ ಕೊಬ್ಬಿನ ಅಣುಗಳಿಂದ ಆದುದು. ಒಂದು ಮಿಲಿಮೀಟರನ್ನು ಎರಡು ಲಕ್ಷ ಭಾಗ ಮಾಡಿದರೆ ಸುಮಾರು ಒಂದು ಭಾಗದಷ್ಟು ಅದರ ದಪ್ಪ. ಸಾರಿನ ಮೇಲೆ ಎಣ್ಣೆಯು ಬೆರೆಯದೆ ನಿಲ್ಲುವಂತೆ ಈ ಪೊರೆಯು ಒಳಗಿನ ನೀರನ್ನೂ ಹೊರಗಿನ ನೀರನ್ನೂ ಬೇರೆ ಬೇರೆಯಾಗಿ ಇಡುತ್ತದೆ. ಇದು ಬರಿಯ ಗೋಡೆಯೆಂದು ಬಹುಕಾಲ ತಿಳಿದಿದ್ದರು. ಅಪ್ಪಣೆಗಳು ಬಂದು ಸೇರುವ ಕಚೇರಿಯೂ ಇದೇ ಎಂಬುದು ಕ್ರಮೇಣ ತಿಳಿದುಬಂದಿತು.

ಭದ್ರಾ ನಾಲೆಯ ಬಯಲಿನವರಿಗೆ ನಾನು ತೂಬನ್ನು ವರ್ಣಿಸಬೇಕಾದುದಿಲ್ಲ. ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ಎಷ್ಟೇ ನೀರಿದ್ದರೂ ಗದ್ದೆಗೆ ಹರಿಯಬೇಕಾದರೆ ತೂಬು ತೆರೆಯಬೇಕು. ಸಾಕಾದ ಮೇಲೆ ನೀರುಗಂಟಿಯು ಬಂದು ಅದನ್ನು ಮುಚ್ಚಬೇಕು. ಕೋಶದಲ್ಲಿ ಇಂತಹ ಒಂದು ತೂಬಿನ ಹೆಸರು ರಾಸ್ ಪ್ರೋಟೀನು. ಹೊರಗಿನಿಂದ ಅಪ್ಪಣೆ ಬಂದಾಗ ರಾಸ್ ತೆರೆದುಕೊಳ್ಳುತ್ತದೆ. ಆಗ ಒಂದು ಪ್ರೋಟೀನು ಮತ್ತೊಂದನ್ನು ಎಚ್ಚರಗೊಳಿಸುತ್ತ ಅಪ್ಪಣೆಯು ಕೋಶಕೇಂದ್ರದವರೆಗೂ ಸಾಗಿ, ಕೋಶವು ಇಬ್ಭಾಗವಾಗಲು ಸಿದ್ಧವಾಗುತ್ತದೆ. ರಾಸ್ ತಾನಾಗಿ ಮುಚ್ಚಿಕೊಳ್ಳುವುದು ಬಹು ನಿಧಾನ. ಅದನ್ನು ಬೇಗನೆ ಮುಚ್ಚಿಸುವ ನೀರುಗಂಟಿಯ ಕೆಲಸಕ್ಕೆ ಬೇರೆ ಪ್ರೋಟೀನುಗಳೇ ಇವೆ.

ಇನ್ನು ಕೊಬ್ಬಿನ ಮಾತು. ರಾಸ್ ಪ್ರೋಟೀನು ತಯಾರಾದಾಗ ಕೋಶದೊಳಗಿನ ನೀರಿನಲ್ಲಿ ತೇಲುತ್ತಿರುತ್ತದೆ. ಅದಕ್ಕೆ ಕೊಬ್ಬಿನ ಒಂದು ಸಣ್ಣ ಬಾಲವನ್ನು ಅಂಟಿಸಿದ ಮೇಲೆಯೇ ಅದು ಪೊರೆಗೆ ಹೋಗಿ ನೆಲೆಯಾಗಿ ನಿಲ್ಲಬಲ್ಲದು. ಫಾರ್ನಿಸಿಲ್ ಎಂಬ ಈ ಬಾಲದಲ್ಲಿ ಇಂಗಾಲದ 15 ಪರಮಾಣುಗಳಿರುತ್ತವೆ. ಪೊರೆಯ ಕೊಬ್ಬಿನಲ್ಲಿ ಈ ಬಾಲವು ಗೂಟದಂತೆ ನಾಟಿಕೊಳ್ಳುತ್ತದೆ. ಬಾಲವಿಲ್ಲದ ರಾಸ್ ಕಾಲುವೆಯ ದಂಡೆಯಲ್ಲಿ ಬಿದ್ದಿರುವ ತೂಬಿನ ಹಲಗೆಯಂತೆ. ಅದು ಎಷ್ಟೇ ದೃಢವಾಗಿದ್ದರೂ ನೀರನ್ನು ಬಿಡಲೂ ಆರದು, ತಡೆಯಲೂ ಆರದು.

ಆ ವೃದ್ಧೆಗೆ ನಾನು ಹೇಳಬೇಕಾಗಿದ್ದುದು ಇದನ್ನೇ. ಈ ಬಾಲವನ್ನು ಪ್ರತಿಯೊಂದು ಕೋಶವೂ ತಾನೇ ತಯಾರಿಸಿಕೊಳ್ಳುತ್ತದೆ. ಕೊಲೆಸ್ಟರಾಲ್ ತಯಾರಾಗುವ ಹಾದಿಯಲ್ಲಿಯೇ ಅರ್ಧ ದಾರಿಯಲ್ಲಿ ಇದೂ ತಯಾರಾಗುತ್ತದೆ. ಊಟದಲ್ಲಿ ತುಪ್ಪವಿರಲಿ, ಇಲ್ಲದಿರಲಿ, ಕೋಶವು ತನಗೆ ಬೇಕಾದಷ್ಟು ಬಾಲಗಳನ್ನು ಮಾಡಿಕೊಂಡೇ ತೀರುತ್ತದೆ. ಎರಡು ವರ್ಷ ತುಪ್ಪವನ್ನು ಬಿಟ್ಟು ಆಕೆ ಕಳೆದುಕೊಂಡದ್ದು ನಾಲಗೆಯ ರುಚಿಯನ್ನು ಮಾತ್ರ. ಕೊಲೆಸ್ಟರಾಲ್ ಇಳಿಸುವ ಮಾತ್ರೆಗಳು ಈ ಹಾದಿಯ ಆರಂಭದಲ್ಲಿ ತಡೆಯೊಡ್ಡುತ್ತವೆಂಬುದು ನಿಜ. ಆದರೆ ಅವು ಹೃದಯ ಮತ್ತು ರಕ್ತನಾಳಗಳ ರಕ್ಷಣೆಗಾಗಿ ಕೊಡುವ ಔಷಧಿಗಳು. ಗಂಟಿನ ಭಯದಿಂದ ಅವುಗಳನ್ನು ತಾವಾಗಿ ಕೊಂಡು ನುಂಗುವುದೂ ತಪ್ಪು, ವೈದ್ಯರು ಕೊಟ್ಟಿದ್ದನ್ನು ತಾವಾಗಿ ನಿಲ್ಲಿಸುವುದೂ ತಪ್ಪು. ಅತಿ ಸ್ಥೂಲಕಾಯವು ನಿರಪಾಯವೆಂದೂ ಯಾರೂ ಭಾವಿಸಬಾರದು. ಗರ್ಭಕೋಶದ ಒಳಪದರದ ಕ್ಯಾನ್ಸರ್, ಮುಟ್ಟು ನಿಂತ ಮೇಲೆ ಬರುವ ಸ್ತನದ ಕ್ಯಾನ್ಸರ್ ಮುಂತಾದುವು ಸ್ಥೂಲಕಾಯದವರಲ್ಲಿ ಹೆಚ್ಚು. ಇಂದಿನ ನಮ್ಮ ವಿಷಯ ಬಾಯಿ.

ತೂಬು ಕೆಟ್ಟರೆ ಏನಾಗುತ್ತದೆಂಬುದನ್ನು ಈಗ ನೋಡೋಣ. 1982ರಲ್ಲಿ ಅಮೆರಿಕದ ವಿಜ್ಞಾನಿಗಳು ಮೂತ್ರಕೋಶದ ಕ್ಯಾನ್ಸರಿನಿಂದ ತೆಗೆದ ಕೋಶಗಳಲ್ಲಿ ರಾಸ್ ಪ್ರೋಟೀನನ್ನು ಪರೀಕ್ಷಿಸಿದರು. ಅದರ 189 ಘಟಕಗಳಲ್ಲಿ ಹನ್ನೆರಡನೆಯದೊಂದು ಮಾತ್ರ ಬದಲಾಗಿತ್ತು. ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರವು ತಪ್ಪಿತ್ತು. ಈ ಒಂದು ತಪ್ಪಿನಿಂದ ತೂಬು ತೆರೆದೇ ಉಳಿಯುತ್ತದೆ. ನೀರುಗಂಟಿ ಬಂದರೂ ಮುಚ್ಚಲಾಗುವುದಿಲ್ಲ. ಹೊರಗೆ ಅಪ್ಪಣೆಯೇ ಇಲ್ಲದಿದ್ದರೂ ಒಳಗೆ "ಬೆಳೆ, ಬೆಳೆ" ಎಂಬ ಕೂಗು ನಿಲ್ಲುವುದಿಲ್ಲ.

ಮೂತ್ರಕೋಶದ ಈ ಸಂಗತಿಯು ನಮ್ಮ ನಾಡಿನ ಬಾಯಿಗೂ ಸಂಬಂಧಿಸಿದುದೆಂದು ಮುಂಬಯಿಯ ಸಂಶೋಧಕರು 1991ರಲ್ಲಿ ತೋರಿಸಿದರು. ಹೊಗೆಸೊಪ್ಪು ಜಗಿಯುವ ಅಭ್ಯಾಸವಿದ್ದ ಬಾಯಿಯ ಕ್ಯಾನ್ಸರ್ ರೋಗಿಗಳ 57 ಗಂಟುಗಳನ್ನು ಅವರು ಪರೀಕ್ಷಿಸಿದಾಗ, ನೂರಕ್ಕೆ ಸುಮಾರು 35ರಲ್ಲಿ ಇದೇ ರಾಸ್ ತೂಬು ಕೆಟ್ಟಿತ್ತು. ಪಾಶ್ಚಾತ್ಯ ದೇಶಗಳ ಬಾಯಿಯ ಕ್ಯಾನ್ಸರ್ ರೋಗಿಗಳಲ್ಲಿ ಇದು ವಿರಳ. ಅಲ್ಲಿನವರು ಸೇದುತ್ತಾರೆ, ಕುಡಿಯುತ್ತಾರೆ. ನಾವು ಜಗಿದು ದವಡೆಯಲ್ಲಿ ಇಟ್ಟುಕೊಳ್ಳುತ್ತೇವೆ. ಎಲ್ಲ ರೋಗಿಗಳಲ್ಲಿಯೂ ಕೆಡುವುದು ಇದೊಂದೇ ತೂಬಲ್ಲವೆಂಬುದನ್ನೂ ಹೇಳಬೇಕು.

ಎರಡನೆಯ ಕಾಲುವೆಯೂ ಒಂದಿದೆ. ಅದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಪೊರೆಯ ಒಳಮೈಯಲ್ಲಿ ಇನಾಸಿಟಾಲ್ ಎಂಬ ವಸ್ತುವನ್ನು ಹೊತ್ತ ಕೊಬ್ಬಿನ ಅಣುಗಳು ಸ್ವಲ್ಪ ಪ್ರಮಾಣದಲ್ಲಿರುತ್ತವೆ. ಅಪ್ಪಣೆ ಬಂದಾಗ ಒಂದು ಕಿಣ್ವವು ಅವುಗಳಿಗೆ ರಂಜಕದ ಗುರುತೊಂದನ್ನು ಸೇರಿಸುತ್ತದೆ. ಆ ಗುರುತನ್ನು ಕಂಡು, ಕೋಶವನ್ನು ಬದುಕಿಸಿ ಬೆಳೆಯಿಸುವ ಪ್ರೋಟೀನುಗಳು ಅಲ್ಲಿ ಬಂದು ನೆರೆಯುತ್ತವೆ. ಕೆಲಸ ಮುಗಿದ ಮೇಲೆ ಆ ಗುರುತನ್ನು ಅಳಿಸುವ ಪ್ರೋಟೀನಿಗೆ ಪಿ.ಟಿ.ಇ.ಎನ್. ಎಂದು ಹೆಸರು. ಇದರ ವಂಶವಾಹಿಯು ಪತ್ತೆಯಾದುದು 1997ರಲ್ಲಿ. ಅದು ಅಳಿಸುವುದು ಕೊಬ್ಬಿನ ಮೇಲಿನ ಗುರುತನ್ನೇ ಎಂಬುದು ತಿಳಿದದ್ದು ಮರುವರ್ಷ. ಗುರುತು ಹಾಕುವವನು ಅತಿಯಾಗಿ ದುಡಿದರೂ, ಅಳಿಸುವವನು ಇಲ್ಲವಾದರೂ ಫಲ ಒಂದೇ.

ಹಾಗಾದರೆ ಬಾಯಿಯಲ್ಲಿ ಈ ತೂಬುಗಳನ್ನು ಕೆಡಿಸುವುದು ಯಾವುದು? ಹೊಗೆಸೊಪ್ಪಿನಲ್ಲಿರುವ ನೈಟ್ರೋಸಮೀನುಗಳೆಂಬ ವಿಷಗಳು ವಂಶವಾಹಿಯ ಅಕ್ಷರಗಳನ್ನು ಕೆಡಿಸುತ್ತವೆ. ಸುಣ್ಣವು ಒಳಪದರವನ್ನು ಸುಡುವುದಲ್ಲದೆ, ಅಡಿಕೆಯ ಸತ್ವಗಳೊಡನೆ ಸೇರಿ ತೀಕ್ಷ್ಣವಾದ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತದೆ. ಗಾಯವಾದ ಕಡೆ ಹೊಸ ಕೋಶಗಳು ಹುಟ್ಟಲೇಬೇಕು. ಮತ್ತೆ ಮತ್ತೆ ಗಾಯ, ಮತ್ತೆ ಮತ್ತೆ ಹುಟ್ಟು. ಪ್ರತಿ ಹುಟ್ಟಿನಲ್ಲಿಯೂ ಅಕ್ಷರ ತಪ್ಪುವ ಸಂಭವವು ಹೆಚ್ಚುತ್ತದೆ.

ಅಡಿಕೆಯನ್ನು ಕುರಿತು ಶಿವಮೊಗ್ಗೆಯಲ್ಲಿ ನಿಂತು ಮಾತನಾಡುವುದು ಸುಲಭವಲ್ಲ. ನಾನೂ ತೋಟದ ಮನೆಯಿಂದಲೇ ಬಂದವನು. ಅಡಿಕೆ ಸುಲಿದು ಬೇಯಿಸುವ ಕಾಲದಲ್ಲಿ ಅಂಗಳದಲ್ಲಿ ರಾತ್ರಿಯಿಡೀ ದೀಪ ಉರಿಯುತ್ತಿದ್ದುದು ಇಂದಿಗೂ ನೆನಪಿದೆ. ನನ್ನ ವೈದ್ಯಕೀಯ ವಿದ್ಯಾಭ್ಯಾಸದ ಖರ್ಚು ನಡೆದುದು ರಾಶಿ, ಬೆಟ್ಟೆಗಳ ಮಾರಾಟದಿಂದಲೇ. ಆದರೂ ತಿಳಿದುದನ್ನು ಮರೆಮಾಚಲಾಗದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊಗೆಸೊಪ್ಪು ಸೇರಿದ ಎಲೆಯಡಿಕೆಯು ಕ್ಯಾನ್ಸರ್‌ಕಾರಕವೆಂದು 1985ರಲ್ಲಿಯೇ ಸಾರಿತು. ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯೂ, ಅಡಿಕೆಯೊಂದೇ ಆದರೂ, ಅದೇ ವರ್ಗಕ್ಕೆ ಸೇರಿದುದೆಂದು 2004ರಲ್ಲಿ ಪ್ರಕಟಿಸಿತು. ಬೆಳೆಗಾರರ ಜೀವನೋಪಾಯದ ಪ್ರಶ್ನೆಯು ದೊಡ್ಡದು. ಅದನ್ನು ಬಿಡಿಸುವ ಶಕ್ತಿ ಒಬ್ಬ ವೈದ್ಯನಿಗಿಲ್ಲ. ಆದರೆ ತೋಟದ ಹಿತಕ್ಕಾಗಿ ಮನೆಯವರ ಬಾಯಿಯನ್ನು ಒತ್ತೆಯಿಡಬೇಕೆಂದು ಯಾವ ಬೆಳೆಗಾರನೂ ಹೇಳಲಾರನೆಂದು ನಾನು ನಂಬಿದ್ದೇನೆ.

ಅಡಿಕೆ ಬೇಯಿಸಿದ ಚೊಗರನ್ನು ತಾವೆಲ್ಲ ಕಂಡಿದ್ದೀರಿ. ಕೈಗೆ ಹತ್ತಿದರೆ ಬಣ್ಣವೂ ಬಿಡದು, ಚರ್ಮವೂ ಬಿಗಿಯುತ್ತದೆ. ತೊಗಲನ್ನು ಹದಮಾಡುವ ಟ್ಯಾನಿನ್ನಿನ ಜಾತಿಗೆ ಸೇರಿದ ಒಗರು ಅದು. ಜಗಿದ ಅಡಿಕೆಯ ಒಗರು ಕೆನ್ನೆಯೊಳಗಿನ ನಾರುಗಳನ್ನು ಹಾಗೆಯೇ ಬಿಗಿಗೊಳಿಸುತ್ತದೆ. ಅಡಿಕೆಯ ಅರೆಕೋಲೀನ್ ಎಂಬ ಸತ್ವವು ಹೊಸ ನಾರುಗಳನ್ನು ಹೆಣೆಯೆಂದು ಕೋಶಗಳನ್ನು ಕೆರಳಿಸುತ್ತದೆ. ಇಲ್ಲಿಯೂ ಕೆಡುವುದು ಅಪ್ಪಣೆಯ ವ್ಯವಸ್ಥೆಯೇ. ಕ್ರಮೇಣ ಕೆನ್ನೆಯು ಬೆಳ್ಳಗಾಗಿ, ಹಲಗೆಯಂತೆ ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಸಾರಿನ ಖಾರ ತಗುಲಿದರೂ ಉರಿಯುತ್ತದೆ. ಈ ರೋಗವನ್ನು ಆಧುನಿಕ ವೈದ್ಯಶಾಸ್ತ್ರದಲ್ಲಿ 1952ರಲ್ಲಿ ಮೊದಲು ವರ್ಣಿಸಿದಾಗ ರೋಗಿಗಳಾಗಿದ್ದವರು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರು. ಮುಂದೆ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂತಹ ರೋಗಿಗಳನ್ನು 17 ವರ್ಷ ಅನುಸರಿಸಿ ನೋಡಿದಾಗ ನೂರಕ್ಕೆ 7.6 ಮಂದಿಯಲ್ಲಿ ಅದು ಕ್ಯಾನ್ಸರಿಗೆ ತಿರುಗಿತೆಂದು 1985ರಲ್ಲಿ ವರದಿಯಾಯಿತು.

ಎಲೆಯಡಿಕೆ ನಮ್ಮ ಸಂಸ್ಕೃತಿ, ದೇವರ ಮುಂದೆ ಇಡುವ ವಸ್ತು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ದೇವರ ಮುಂದೆ ಇಡಿ, ಮುತ್ತೈದೆಯರ ಕೈಯಲ್ಲಿ ಇಡಿ, ದವಡೆಯಲ್ಲಿ ಇಡಬೇಡಿ. ರಾತ್ರಿ ಪಾಳಿಯಲ್ಲಿ ನಿದ್ರೆ ಬಾರದಿರಲೆಂದು ಚೀಟಿಯನ್ನು ಬಾಯಿಗೆ ಸುರಿದುಕೊಳ್ಳುವ ದುಡಿಮೆಗಾರರನ್ನೂ ನಾನು ಬಹಳ ಕಂಡಿದ್ದೇನೆ. ನಮ್ಮ ರಾಜ್ಯದಲ್ಲಿ ಗುಟ್ಕಾ ಮಾರಾಟವನ್ನು 2013ರ ಮೇ ತಿಂಗಳಲ್ಲಿ ನಿಷೇಧಿಸಲಾಯಿತು. ಅನಂತರ ಪಾನ್ ಮಸಾಲೆಯೊಂದು ಪೊಟ್ಟಣ, ಹೊಗೆಸೊಪ್ಪಿನದೊಂದು ಪೊಟ್ಟಣ, ಹೀಗೆ ಜೋಡಿಯಾಗಿ ಮಾರುವ ಉಪಾಯವನ್ನು ವ್ಯಾಪಾರಿಗಳು ಕಂಡುಕೊಂಡರು. ಎರಡೂ ಬಾಯಿಯಲ್ಲಿ ಒಂದಾಗುತ್ತವೆ.

ಬಾಣಂತಿಗೆ ಊಟದ ಮೇಲೆ ಎಲೆಯಡಿಕೆ ಕೊಡುವ ಪದ್ಧತಿಯನ್ನು ಕುರಿತು ವಿಶೇಷವಾಗಿ ಹೇಳಬೇಕು. ಎಷ್ಟೋ ಸ್ತ್ರೀಯರ ಅಭ್ಯಾಸ ಆರಂಭವಾಗುವುದು ಬಾಣಂತಿ ಕೋಣೆಯಲ್ಲಿಯೇ. ಗರ್ಭಿಣಿಯು ಹೊಗೆಸೊಪ್ಪನ್ನು ಜಗಿದರೆ ಮಗುವಿನ ತೂಕ ಕಡಿಮೆಯಾಗುವುದೂ ಸಿದ್ಧಪಟ್ಟ ಸಂಗತಿ. ಬಾಣಂತನದ ಭೇಟಿಗೆ ಹೋಗುವ ಕಾರ್ಯಕರ್ತೆಯರು ಮಗುವಿನ ತೂಕವನ್ನು ಕೇಳುವಾಗ ತಾಯಿಯ ತಟ್ಟೆಯ ಪಕ್ಕದಲ್ಲಿ ಏನಿದೆಯೆಂದೂ ನೋಡಬೇಕು.

ಔಷಧಿಯಿಲ್ಲವೇ ಎಂದು ಕೇಳುತ್ತೀರಿ. ರಾಸ್‌ನ ಕೊಬ್ಬಿನ ಬಾಲವನ್ನು ಅಂಟಿಸದಂತೆ ತಡೆಯುವ ಟಿಪಿಫಾರ್ನಿಬ್ ಎಂಬ ಔಷಧವನ್ನು, ಇದೇ ತೂಬು ಕೆಟ್ಟಿದ್ದ ತಲೆ ಮತ್ತು ಕತ್ತಿನ ಕ್ಯಾನ್ಸರ್ ರೋಗಿಗಳಲ್ಲಿ ಪ್ರಯೋಗಿಸಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಪರಿಶೀಲಿಸಿದ 20 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಗಂಟು ಕುಗ್ಗಿತು. ಗೂಟವನ್ನು ಕಿತ್ತರೆ ಕೆಟ್ಟ ತೂಬೂ ನಿಷ್ಕ್ರಿಯವಾಗುತ್ತದೆಂಬುದಕ್ಕೆ ಇದು ನಿದರ್ಶನ. ಆದರೆ ಇದು ಇಪ್ಪತ್ತು ಮಂದಿಯ ಮಾತು, ಅದೂ ರೋಗ ಬಲಿತ ಮೇಲಿನ ಮಾತು. ನಮ್ಮ ಕೈಯಲ್ಲಿರುವ ಸಾಧನ ಇದಕ್ಕಿಂತ ಬಹಳ ಅಗ್ಗವಾದುದು.

ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಲಕ್ಷಕ್ಕೂ ಮೇಲ್ಪಟ್ಟು ಜನರನ್ನು ಒಳಗೊಂಡ ಒಂದು ಅಧ್ಯಯನ ನಡೆಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು, ವೈದ್ಯರಲ್ಲ, ಮನೆಮನೆಗೆ ಹೋಗಿ ಬೆಳಕಿನಲ್ಲಿ ಬಾಯಿಯನ್ನು ನೋಡಿದರು. ಸಂಶಯ ಬಂದವರನ್ನು ವೈದ್ಯರಲ್ಲಿಗೆ ಕಳುಹಿಸಿದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವುಗಳು ನೂರಕ್ಕೆ 34ರಷ್ಟು ಕಡಿಮೆಯಾದುವೆಂದು 2005ರಲ್ಲಿ ಪ್ರಕಟವಾಯಿತು. ಅಲ್ಲಿನ ಕಾರ್ಯಕರ್ತರು ಮಾಡಿದುದನ್ನು ಶಿವಮೊಗ್ಗ, ಭದ್ರಾವತಿಗಳ ಕಾರ್ಯಕರ್ತೆಯರು ಮಾಡಲಾರರೆಂದು ನಾನು ಒಪ್ಪುವುದಿಲ್ಲ.

ನೋಡಬೇಕಾದುದು ಏನೆಂದರೆ, ಉಜ್ಜಿದರೂ ಹೋಗದ ಬಿಳಿಯ ಕಲೆ, ಅದಕ್ಕಿಂತಲೂ ಅಪಾಯಕಾರಿಯಾದ ಕೆಂಪು ಕಲೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಬೆರಳಿಗೆ ಗಟ್ಟಿಯಾಗಿ ಸಿಗುವ ಭಾಗ, ಕತ್ತಿನಲ್ಲಿ ಗಂಟು. ನೋವಿಲ್ಲವೆಂದು ಸುಮ್ಮನಿರಬಾರದು, ಆರಂಭದಲ್ಲಿ ಸಾಮಾನ್ಯವಾಗಿ ನೋವು ಇರುವುದೇ ಇಲ್ಲ. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಬೇಕು. ಮೂರೂ ಹೋಗದಿದ್ದರೆ ಬಾಯಿ ಬಿಗಿಯುತ್ತಿದೆಯೆಂದು ತಿಳಿದು ಪರೀಕ್ಷೆ ಮಾಡಿಸಬೇಕು. ಮೂವತ್ತು ವರ್ಷ ಮೀರಿದ ಎಲ್ಲರ ಬಾಯಿಯನ್ನೂ, ಸ್ತ್ರೀಯರಲ್ಲಿ ಸ್ತನ ಮತ್ತು ಗರ್ಭಕೋಶದ ಕೊರಳನ್ನೂ ಪರೀಕ್ಷಿಸುವ ಏರ್ಪಾಡು ಸರ್ಕಾರದ ಕಾರ್ಯಕ್ರಮದಲ್ಲಿದೆ. ಹೊಗೆಸೊಪ್ಪು ಬಿಡಲು ಸಹಾಯ ಬೇಕಾದವರು 1800-11-2356 ಎಂಬ ಉಚಿತ ದೂರವಾಣಿಗೆ ಕರೆಮಾಡಬಹುದು.

ಆ ವೃದ್ಧೆಯು ಈಗ ಇಲ್ಲ. ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಕಳುಹಿಸಿದೆವು, ಕಾಲ ಮಿಂಚಿತ್ತು. ಆದರೆ ಅಂದು ಅವರು ಎದ್ದು ಹೊರಡುವಾಗ ನಾನು ಸೊಸೆಗೆ, "ನೀವೂ ಬಾಯಿ ತೆರೆಯಿರಿ, ತಾಯಿ" ಎಂದೆ. ಆಕೆ ನಾಚಿಕೊಂಡರು. ಬಲಗೆನ್ನೆಯೊಳಗೆ ಉಗುರಿನಷ್ಟು ಬಿಳಿಯ ಕಲೆ ಇತ್ತು. ಮೊದಲ ಬಾಣಂತನದಲ್ಲಿ ಅತ್ತೆಯೇ ಪ್ರೀತಿಯಿಂದ ಎಲೆಯಡಿಕೆ ಮಡಿಸಿ ಕೊಡುತ್ತಿದ್ದರಂತೆ. ತೂಬು ಪೂರ್ಣ ಕೆಡುವ ಮುನ್ನಿನ ಹಂತ ಅದು. ಅಭ್ಯಾಸವನ್ನು ಬಿಟ್ಟರು, ಕ್ರಮವಾಗಿ ಬಂದು ತೋರಿಸಿದರು. ಕೆಲವು ತಿಂಗಳುಗಳಲ್ಲಿ ಕಲೆಯು ಮಾಸಿತು. ಈಗಲೂ ವರ್ಷಕ್ಕೆರಡು ಬಾರಿ ಬಂದು ಹೋಗುತ್ತಾರೆ.

ಮೇಜಿನ ಮೇಲೆ ಹತ್ತು ಟಾರ್ಚುಗಳನ್ನೂ ಕನ್ನಡಿಗಳನ್ನೂ ಇರಿಸಿದ್ದೇವೆ. ಇಬ್ಬಿಬ್ಬರಾಗಿ ಕುಳಿತು ಒಬ್ಬರ ಬಾಯಿಯನ್ನು ಮತ್ತೊಬ್ಬರು ನೋಡಬೇಕೆಂದು ಪ್ರಾರ್ಥನೆ. ಕೆನ್ನೆ, ತುಟಿಯ ಒಳಭಾಗ, ನಾಲಗೆಯ ಎರಡು ಅಂಚುಗಳು, ನಾಲಗೆಯ ಅಡಿ, ಅಂಗುಳು, ಈ ಕ್ರಮದಲ್ಲಿ ನೋಡಿ. ನಾಚಿಕೆಯಾಗುವವರು ಮೊದಲು ನನ್ನ ಬಾಯಿಯನ್ನು ನೋಡಬಹುದು.